ಪದ್ಮಿನಿ ಮತ್ತು ಇಂಡಿಕಾ: ಒಂದು ಮನೆಲೆಕ್ಕದ ಇತಿಹಾಸ

ಕಾರು ಕೊಳ್ಳುವ ವಿಚಾರ ಬಂದಾಗಲೆಲ್ಲ ನನ್ನ ಹಳೆಯ ವಿದ್ಯಾರ್ಥಿಗಳೂ ಬಂಧುಗಳೂ ಕೇಳುತ್ತಿದ್ದ ಪ್ರಶ್ನೆಯೊಂದಿದೆ: “ಮೇಷ್ಟ್ರೇ, ಪೆಟ್ರೋಲ್ ಗಾಡಿ ಒಳ್ಳೆಯದೋ, ಡೀಸೆಲ್ ಗಾಡಿಯೋ?” ಗಣಿತ ಹೇಳಿಕೊಟ್ಟವನಿಗೆ ಎಲ್ಲ ಲೆಕ್ಕವೂ ಗೊತ್ತಿರಬೇಕೆಂಬುದು ಅವರ ನಂಬಿಕೆ. ಈ ಪ್ರಶ್ನೆಯ ಅರ್ಧ ಉತ್ತರ ಯಂತ್ರಶಾಸ್ತ್ರದಲ್ಲಿದೆ. ಉಳಿದರ್ಧ ನಮ್ಮ ದೇಶದ ಇತಿಹಾಸದಲ್ಲಿದೆ. ಅದನ್ನು ಅರಿಯಲು ಎರಡು ಕಾರುಗಳನ್ನು ಎದುರುಬದುರಾಗಿ ನಿಲ್ಲಿಸಿ ನೋಡೋಣ. ಒಂದು ಪೆಟ್ರೋಲಿನ ಪ್ರೀಮಿಯರ್ ಪದ್ಮಿನಿ; ಇನ್ನೊಂದು ಡೀಸೆಲ್‌ನ ಟಾಟಾ ಇಂಡಿಕಾ.

ಪದ್ಮಿನಿಯ ಕಥೆಯ ಮೊದಲ ಪುಟದಲ್ಲಿ ನಮ್ಮ ಮೈಸೂರು ಸಂಸ್ಥಾನವೂ ಇದೆಯೆಂಬುದು ಹಲವರಿಗೆ ತಿಳಿಯದು. 1930ರ ದಶಕದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಭಾರತದಲ್ಲಿಯೇ ಮೋಟಾರು ಕಾರು ತಯಾರಾಗಬೇಕೆಂದು ಯೋಜನೆ ಸಿದ್ಧಪಡಿಸಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರೊಡನೆ ಕೈಜೋಡಿಸಿದರು. ಮೈಸೂರು ಸಂಸ್ಥಾನದಲ್ಲಿ ಕಾರ್ಖಾನೆ ಸ್ಥಾಪಿಸುವ ಪ್ರಯತ್ನವೂ ನಡೆಯಿತು. ಆದರೆ ಅಂದಿನ ಬ್ರಿಟಿಷ್ ಭಾರತ ಸರ್ಕಾರದ ಬೆಂಬಲ ದೊರೆಯದೆ ಅದು ಕೈಗೂಡಲಿಲ್ಲ. ವಾಲ್‌ಚಂದರು 1940ರಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಆರಂಭಿಸಿದರು. ಕಾರಿನ ಕನಸು ಮಾತ್ರ 1944ರಲ್ಲಿ ಮುಂಬಯಿಯ ಪ್ರೀಮಿಯರ್ ಆಟೋಮೊಬೈಲ್ಸ್ ಆಗಿ ರೂಪ ತಳೆಯಿತು. ಮುಂದೆ ಆ ಸಂಸ್ಥೆ ಇಟಲಿಯ ಫಿಯೆಟ್ ಕಂಪನಿಯ ಸಹಯೋಗದಲ್ಲಿ ಕಾರುಗಳನ್ನು ತಯಾರಿಸತೊಡಗಿತು. 1964ರಲ್ಲಿ ಬಂದ ಫಿಯೆಟ್ 1100 ಡಿಲೈಟ್ ಕಾರೇ 1970ರ ದಶಕದಲ್ಲಿ ಪ್ರೀಮಿಯರ್ ಪದ್ಮಿನಿ ಎಂಬ ಹೆಸರನ್ನು ಧರಿಸಿತು. ಹೆಸರು ಬದಲಾದರೂ ಜನರ ಬಾಯಲ್ಲಿ ಅದು ಕೊನೆಯವರೆಗೂ ‘ಫಿಯೆಟ್’ ಆಗಿಯೇ ಉಳಿಯಿತು.

1089 ಸಿಸಿ ಪೆಟ್ರೋಲ್ ಎಂಜಿನ್, ಬಹುಕಾಲ ಸ್ಟೀರಿಂಗಿನ ಪಕ್ಕದಲ್ಲಿಯೇ ಇದ್ದ ಗೇರಿನ ಹಿಡಿ, ಮುಂದೆಯೂ ಹಿಂದೆಯೂ ಬೆಂಚಿನಂತಹ ಉದ್ದನೆಯ ಸೀಟು – ಇವು ಪದ್ಮಿನಿಯ ಲಕ್ಷಣಗಳು. ನಾಲ್ಕು ಮಂದಿಗೆಂದು ಹೊರಟ ಕಾರಿನಲ್ಲಿ ಮದುವೆಯ ದಿನಗಳಲ್ಲಿ ಎಂಟು ಮಂದಿ ಕುಳಿತದ್ದನ್ನು ನೀವೂ ನೋಡಿದ್ದೀರಿ. ಚಳಿಗಾಲದ ಬೆಳಗ್ಗೆ ಚೋಕ್ ಎಳೆದು ಎಬ್ಬಿಸಬೇಕು. ಬೇಸಿಗೆಯ ಮಧ್ಯಾಹ್ನ ಪೆಟ್ರೋಲ್ ಪಂಪು ಬಿಸಿಯಾಗಿ ಗಾಡಿ ನಿಂತರೆ ಅದರ ಮೇಲೆ ಒದ್ದೆ ಬಟ್ಟೆ ಹಾಕಿ ಕಾಯಬೇಕು. ಆದರೆ ಅದರ ಎಂಜಿನ್ ಸರಳ. ಪಾಯಿಂಟ್ ಉಜ್ಜಿ, ಪ್ಲಗ್ ಒರೆಸಿ, ಕಾರ್ಬ್ಯುರೇಟರ್ ತೊಳೆದರೆ ಸಣ್ಣ ಊರಿನ ಮೆಕ್ಯಾನಿಕ್ ಸಹ ಅದನ್ನು ಮತ್ತೆ ಓಡಿಸಬಲ್ಲವನಾಗಿದ್ದ. ಪೆಟ್ರೋಲ್ ಮಾತ್ರ ಧಾರಾಳವಾಗಿ ಬೇಕಾಗಿತ್ತು. ಲೀಟರಿಗೆ ಹತ್ತು ಹನ್ನೆರಡು ಕಿಲೋಮೀಟರ್ ಬಂದರೆ ಯಜಮಾನರು ತೃಪ್ತರಾಗುತ್ತಿದ್ದರು. ಹಾಗಾಗಿ ಕಾರು ಎನ್ನುವುದು ದೇವರ ಉತ್ಸವಮೂರ್ತಿಯ ಹಾಗೆ ವಿಶೇಷ ದಿನಗಳಲ್ಲಿ ಮಾತ್ರ ಹೊರಗೆ ಬರುವ ವಸ್ತುವಾಗಿತ್ತು.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದು ಈ ಪುಟವನ್ನು ಮಗುಚಿತು. ಆದರೆ ಅದೂ ಪೆಟ್ರೋಲ್ ಕಾರೇ. ಅಂಬಾಸಡರಿಗೆ ಡೀಸೆಲ್ ಎಂಜಿನ್ ಬಂದಿತ್ತಾದರೂ ಅದನ್ನು ಹೆಚ್ಚಾಗಿ ಬಯಸಿದವರು ಟ್ಯಾಕ್ಸಿಯವರು. ಮಧ್ಯಮ ವರ್ಗದ ಕುಟುಂಬದ ಚಿಕ್ಕ ಕಾರಿಗೆ ಡೀಸೆಲ್ ಎಂಬ ಮಾತು ಗಟ್ಟಿಯಾಗಿ ಕೇಳಿಬಂದದ್ದು ಇಂಡಿಕಾದಿಂದ. 1998ರ ಜನವರಿಯಲ್ಲಿ ದೆಹಲಿಯ ವಾಹನ ಪ್ರದರ್ಶನದಲ್ಲಿ ಅನಾವರಣಗೊಂಡು, ಅದೇ ವರ್ಷದ ಕೊನೆಯಲ್ಲಿ ಅದು ಮಾರುಕಟ್ಟೆಗೆ ಬಂದಿತು. ಅಂಬಾಸಡರಿನಷ್ಟು ಒಳಜಾಗ, ಮಾರುತಿ ಜ಼ೆನ್‌ನಷ್ಟು ಗಾತ್ರ, ಮಾರುತಿ 800ಕ್ಕೆ ಸಮೀಪದ ಬೆಲೆ, ಡೀಸೆಲಿನ ಮಿತವ್ಯಯ – ಇವು ರತನ್ ಟಾಟಾ ಅವರ ಉದ್ದೇಶಗಳಾಗಿದ್ದವು. ಬುಕಿಂಗ್ ಆರಂಭವಾದ ಕೆಲವೇ ದಿನಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಂದಿ ಹಣ ಕಟ್ಟಿದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತಾಯಿತೇನೋ. ಮೊದಲ ಕಾರುಗಳ ಬಗ್ಗೆ ಬಹಳ ದೂರುಗಳು ಬಂದವು. ಕಂಪನಿ ಅವನ್ನು ತಿದ್ದಿ 2001ರಲ್ಲಿ ‘ವಿ2’ ಎಂಬ ರೂಪವನ್ನು ತಂದ ಮೇಲೆ ಜನರ ವಿಶ್ವಾಸ ನೆಲೆಗೊಂಡಿತು. ಪದ್ಮಿನಿಗೂ ಕೊನೆಗಾಲದಲ್ಲಿ ಡೀಸೆಲ್ ರೂಪವಿತ್ತು, ಇಂಡಿಕಾಗೂ ಪೆಟ್ರೋಲ್ ರೂಪವಿತ್ತು. ಆದರೆ ಜನಮನದಲ್ಲಿ ಉಳಿದದ್ದು ಪೆಟ್ರೋಲಿನ ಪದ್ಮಿನಿ, ಡೀಸೆಲಿನ ಇಂಡಿಕಾ.

ಇಂಡಿಕಾ ಪದ್ಮಿನಿಗಿಂತ ಉದ್ದದಲ್ಲಿ ಚಿಕ್ಕದು. ಆದರೂ ಒಳಗೆ ವಿಶಾಲ. ಪದ್ಮಿನಿಯ ಎಂಜಿನ್ ಉದ್ದಕ್ಕೆ ಮಲಗಿ, ಅದರ ಶಕ್ತಿ ಕಾರಿನ ನಡುವೆ ಹಾದುಹೋಗುವ ದಂಡದ ಮೂಲಕ ಹಿಂದಿನ ಚಕ್ರಗಳನ್ನು ತಲಪುತ್ತಿತ್ತು. ಇಂಡಿಕಾದ 1405 ಸಿಸಿ ಎಂಜಿನ್ ಅಡ್ಡಲಾಗಿ ಕುಳಿತು ಮುಂದಿನ ಚಕ್ರಗಳನ್ನೇ ತಿರುಗಿಸುತ್ತಿತ್ತು. ಹೀಗೆ ಉಳಿದ ಜಾಗ ಜನರ ಪಾಲಾಯಿತು.

ಎಂಜಿನುಗಳ ಸ್ವಭಾವದ ಬಗ್ಗೆ ಒಂದೆರಡು ಮಾತು. ಪೆಟ್ರೋಲ್ ಎಂಜಿನಿನಲ್ಲಿ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣಕ್ಕೆ ಸ್ಪಾರ್ಕ್ ಪ್ಲಗ್ಗಿನ ಕಿಡಿಯೇ ಬೆಂಕಿ ಹಚ್ಚಬೇಕು. ಡೀಸೆಲ್ ಎಂಜಿನಿನಲ್ಲಿ ಕಿಡಿಯಿಲ್ಲ. ಗಾಳಿಯನ್ನು ಇಪ್ಪತ್ತು ಪಟ್ಟಿನಷ್ಟು ಒತ್ತಿ ಕುಗ್ಗಿಸಿದಾಗ ಅದು ತಾನೇ ಕಾದು ಕೆಂಡದಂತಾಗುತ್ತದೆ. ಅದರೊಳಕ್ಕೆ ಪಂಪು ಚಿಮ್ಮಿಸಿದ ಎಣ್ಣೆ ತಾನಾಗಿ ಹೊತ್ತಿಕೊಳ್ಳುತ್ತದೆ. ಈ ತತ್ತ್ವವನ್ನು 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಯಶಸ್ವಿಯಾಗಿ ತೋರಿಸಿದವನು ರುಡಾಲ್ಫ್ ಡೀಸೆಲ್. ಇಂಧನದ ಶಾಖದಲ್ಲಿ ನೂರಕ್ಕೆ ಇಪ್ಪತ್ತಾರರಷ್ಟನ್ನು ಅವನ ಯಂತ್ರ ಕೆಲಸವನ್ನಾಗಿ ಮಾಡಿತು. ಆ ಕಾಲಕ್ಕೆ ಅದು ದೊಡ್ಡ ಸಾಧನೆ. ಒತ್ತಡವನ್ನು ತಾಳಲು ಎಂಜಿನ್ ದಪ್ಪವಾಗಿರಬೇಕು. ಹೀಗಾಗಿ ತೂಕ, ಸದ್ದು, ಬೆಲೆ ಮೂರೂ ಹೆಚ್ಚು. ಸ್ಪಾರ್ಕ್ ಪ್ಲಗ್ಗನ್ನೂ ಡೀಸೆಲ್ ಪಂಪನ್ನೂ ನಮ್ಮ ಬೆಂಗಳೂರಿನ ಆಡುಗೋಡಿಯ ಮೈಕೋ ಕಾರ್ಖಾನೆ ತಯಾರಿಸುತ್ತಿತ್ತು. 1951ರಲ್ಲಿ ಸ್ಥಾಪನೆಯಾದ ಆ ಸಂಸ್ಥೆಗೆ ಎರಡು ಪಂಗಡಗಳೂ ಬೇಕಾದವರೇ!

ಆದರೆ ಡೀಸೆಲ್ ಕಾರು ನಮ್ಮ ಮನೆಯ ಅಂಗಳಕ್ಕೆ ಬಂದದ್ದು ಎಂಜಿನಿನ ಗುಣದಿಂದ ಮಾತ್ರವಲ್ಲ. ಲಾರಿ, ಬಸ್ಸು, ರೈಲು, ರೈತನ ಟ್ರ್ಯಾಕ್ಟರು ಮತ್ತು ಪಂಪ್‌ಸೆಟ್ಟು – ಇವೆಲ್ಲ ಡೀಸೆಲನ್ನು ನಂಬಿದ್ದವು. ಅದರ ಬೆಲೆ ಏರಿದರೆ ಅಕ್ಕಿ ಬೇಳೆಯ ಬೆಲೆಯೂ ಏರುತ್ತದೆಂದು ಸರ್ಕಾರಗಳು ಅದನ್ನು ಅಗ್ಗವಾಗಿ ಇರಿಸಿದವು. ಪೆಟ್ರೋಲ್ ಉಳ್ಳವರ ಇಂಧನವೆಂದು ಅದರ ಮೇಲೆ ಹೆಚ್ಚು ತೆರಿಗೆ. ರೈತನಿಗಾಗಿ ಹಿಡಿದ ಕೊಡೆಯ ಕೆಳಗೆ ಕಾರುಳ್ಳ ನಾವೂ ಸದ್ದಿಲ್ಲದೆ ಬಂದು ನಿಂತೆವು. 2010ರ ಜೂನ್ ತಿಂಗಳಲ್ಲಿ ಪೆಟ್ರೋಲಿನ ಬೆಲೆಯ ಮೇಲಿನ ನಿಯಂತ್ರಣ ಹೋಯಿತು, ಡೀಸೆಲಿನದು ಉಳಿಯಿತು. 2012ರ ಮೇ ತಿಂಗಳಲ್ಲಿ ದೆಹಲಿಯಲ್ಲಿ ಪೆಟ್ರೋಲ್ ಲೀಟರಿಗೆ 73 ರೂಪಾಯಿ ದಾಟಿದಾಗ ಡೀಸೆಲ್ 41 ರೂಪಾಯಿಯ ಆಸುಪಾಸಿನಲ್ಲಿತ್ತು. ಆಗ ಡೀಸೆಲ್ ಕಾರುಗಳಿಗಾಗಿ ಜನ ಮುಗಿಬಿದ್ದದ್ದರಲ್ಲಿ ಆಶ್ಚರ್ಯವೇನು?

ಈಗ ತರಗತಿಯ ಲೆಕ್ಕವೊಂದನ್ನು ಮಾಡೋಣ. ಅಂಕಿಗಳು ಉದಾಹರಣೆಗಾಗಿ ಮಾತ್ರ. ಪೆಟ್ರೋಲ್ ಕಾರು ಲೀಟರಿಗೆ 15 ಕಿಲೋಮೀಟರ್, ಡೀಸೆಲ್ ಕಾರು 20 ಕಿಲೋಮೀಟರ್ ಓಡುತ್ತದೆ. ಪೆಟ್ರೋಲ್ 60 ರೂಪಾಯಿ, ಡೀಸೆಲ್ 40 ರೂಪಾಯಿ. ಡೀಸೆಲ್ ಕಾರಿನ ಬೆಲೆ ಒಂದು ಲಕ್ಷ ಹೆಚ್ಚು ಎಂದಿಟ್ಟುಕೊಳ್ಳಿ. ಕಿಲೋಮೀಟರಿಗೆ 4 ರೂಪಾಯಿಯ ಎದುರು 2 ರೂಪಾಯಿ. ಅಂದರೆ 50,000 ಕಿಲೋಮೀಟರ್ ಓಡಿದ ಮೇಲಷ್ಟೇ ಹೆಚ್ಚಿಗೆ ಕೊಟ್ಟ ಹಣ ಹಿಂತಿರುಗುತ್ತದೆ. ದಿನಕ್ಕೆ 150 ಕಿಲೋಮೀಟರ್ ಓಡಿಸುವ ಟ್ಯಾಕ್ಸಿಯವನಿಗೆ ಅದು ಒಂದು ವರ್ಷದ ಮಾತು. ಬೆಂಗಳೂರಿನ ಕಾಲ್‌ಸೆಂಟರುಗಳಿಗೆ ರಾತ್ರಿಯೆಲ್ಲ ಓಡುತ್ತಿದ್ದ ಬಿಳಿ ಇಂಡಿಕಾಗಳ ಗುಟ್ಟು ಇದೇ. ವರ್ಷಕ್ಕೆ 6,000 ಕಿಲೋಮೀಟರ್ ಓಡಿಸುವ ಗೃಹಸ್ಥನಿಗಾದರೋ ಎಂಟು ವರ್ಷ ಮೀರಿತು. ಡೀಸೆಲ್ 55 ರೂಪಾಯಿಗೆ ಏರಿದರೆ 80,000 ಕಿಲೋಮೀಟರ್ ಬೇಕು. ಗೃಹಸ್ಥನಿಗೆ ಹದಿಮೂರು ವರ್ಷ! ಬಡ್ಡಿಯನ್ನು ನಾನಿನ್ನೂ ಸೇರಿಸಿಲ್ಲ. ಅಷ್ಟು ಓಡದ ಮನೆಗಳೂ ಅಂದು ಡೀಸೆಲ್ ಕೊಂಡವು. ಬಂಕಿನಲ್ಲಿ ಕೊಡುವ ಹಣ ಕಣ್ಣಿಗೆ ಕಾಣುತ್ತದೆ. ಕಂತಿನಲ್ಲಿ ಕರಗುವ ಹಣ ಕಾಣುವುದಿಲ್ಲ.

ಈ ಲೆಕ್ಕದಲ್ಲಿ ಯಾರೂ ಬರೆಯದ ಸಾಲೊಂದಿದೆ, ಅದು ಹೊಗೆಯದು. ಪದ್ಮಿನಿಯೇನೂ ಶುದ್ಧಾತ್ಮಳಲ್ಲ. ಅದರ ಕಾಲದ ಪೆಟ್ರೋಲಿನಲ್ಲಿ ಸೀಸವಿತ್ತು. ದೇಶದಾದ್ಯಂತ ಸೀಸರಹಿತ ಪೆಟ್ರೋಲ್ ಬಂದದ್ದು 2000ದ ಫೆಬ್ರವರಿಯಲ್ಲಿ. ಹಳೆಯ ಡೀಸೆಲ್ ಎಂಜಿನುಗಳ ಹೊಗೆಯಾದರೋ ಸೂಕ್ಷ್ಮವಾದ ಮಸಿಯ ಕಣಗಳಿಂದ ತುಂಬಿದ್ದು, ಶ್ವಾಸಕೋಶದ ಆಳಕ್ಕೆ ಇಳಿಯುವಂಥದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರ ಜೂನ್‌ನಲ್ಲಿ ಡೀಸೆಲ್ ಹೊಗೆಯನ್ನು ಕ್ಯಾನ್ಸರ್‌ಕಾರಕವೆಂದು ಸ್ಪಷ್ಟವಾಗಿ ಸಾರಿತು. ಕಿಲೋಮೀಟರಿಗೆ ಎರಡು ರೂಪಾಯಿ ಉಳಿಸಿದವನು ಕಾರಿನ ಕಿಟಕಿ ಏರಿಸಿಕೊಂಡು ಹೋದ. ಉಳಿದ ಬೆಲೆಯನ್ನು ತೆತ್ತವರು ಬಸ್‌ಸ್ಟಾಪಿನಲ್ಲಿ ನಿಂತವರು, ರಸ್ತೆಬದಿಯಲ್ಲಿ ಹೂ ಮಾರುವವರು, ಸಂಚಾರಿ ಪೊಲೀಸರು, ನಡೆದು ಶಾಲೆಗೆ ಹೋಗುವ ಮಕ್ಕಳು.

ಕೊಡೆ ಮಡಚುವ ಕಾಲವೂ ಬಂದಿತು. 2013ರ ಜನವರಿಯಿಂದ ಡೀಸೆಲಿನ ಬೆಲೆಯನ್ನು ತಿಂಗಳು ತಿಂಗಳು ಸ್ವಲ್ಪಸ್ವಲ್ಪವಾಗಿ ಏರಿಸುತ್ತ ಬಂದು, 2014ರ ಅಕ್ಟೋಬರಿನಲ್ಲಿ ನಿಯಂತ್ರಣವನ್ನು ಪೂರ್ತಿಯಾಗಿ ತೆಗೆಯಲಾಯಿತು. 2020ರ ಏಪ್ರಿಲ್ 1ರಂದು ಬಿಎಸ್-6 ನಿಯಮ ಜಾರಿಗೆ ಬಂದು ಡೀಸೆಲ್ ಹೊಗೆಯನ್ನು ಶುದ್ಧಗೊಳಿಸುವ ಖರ್ಚು ಕಾರಿನ ಬೆಲೆಗೇ ಸೇರಿತು. ಆಗ ಚಿಕ್ಕ ಡೀಸೆಲ್ ಕಾರಿನ ಲಾಭ ಕರಗಿತು. ಮಾರುತಿ ಸುಜುಕಿ ಡೀಸೆಲ್ ಕಾರುಗಳ ತಯಾರಿಕೆಯನ್ನೇ ಕೈಬಿಟ್ಟಿತು. ಇಂಡಿಕಾ ಅದಕ್ಕೂ ಮೊದಲೇ, 2018ರಲ್ಲಿ, ತೆರೆಗೆ ಸರಿದಿತ್ತು. ಪದ್ಮಿನಿಯ ತಯಾರಿಕೆ ಈ ಶತಮಾನದ ಹೊಸ್ತಿಲಲ್ಲಿಯೇ ನಿಂತಿದ್ದರೂ, ಮುಂಬಯಿಯ ರಸ್ತೆಗಳಿಂದ ಅದರ ಕೊನೆಯ ಟ್ಯಾಕ್ಸಿ ನಿವೃತ್ತವಾದದ್ದು 2023ರ ಅಕ್ಟೋಬರಿನಲ್ಲಿ. ಹೊಸತು ಮೊದಲು ಹೋಯಿತು ಎನ್ನಲಾರೆವಾದರೂ, ಹಳತು ಬಹಳ ಕಾಲ ತಾಳಿತು ಎನ್ನಬಹುದು.

ಈಗ ನೀವು ಕೇಳುವ ಪ್ರಶ್ನೆ ಬದಲಾಗಿದೆ: “ಪೆಟ್ರೋಲೋ, ಕರೆಂಟೋ?” ಪ್ರಶ್ನೆ ಹೊಸದಾದರೂ ಲೆಕ್ಕದ ಕ್ರಮ ಹಳೆಯದೇ. ಹಾಳೆಯ ಮೇಲೆ ಮೂರು ಸಾಲು ಬರೆಯಿರಿ. ಕಾರಿಗೆ ಹೆಚ್ಚಿಗೆ ಕೊಡುವ ಹಣವೆಷ್ಟು, ವರ್ಷಕ್ಕೆ ನಿಜವಾಗಿ ಓಡಿಸುವ ದೂರವೆಷ್ಟು ಎಂಬುದು ಮೊದಲ ಸಾಲು. ಇಂದಿನ ಅಗ್ಗದ ದರ ಸರ್ಕಾರದ ಕೊಡೆಯಿಂದ ಬಂದದ್ದೋ, ಆ ಕೊಡೆ ಎಷ್ಟು ದಿನ ಇದ್ದೀತು ಎಂಬುದು ಎರಡನೆಯದು. ನಾವು ಉಳಿಸಿದ್ದರಲ್ಲಿ ಬೇರೆಯವರು ತೆರುವ ಪಾಲೆಷ್ಟು ಎಂಬುದು ಮೂರನೆಯದು. ಮೊದಲ ಸಾಲನ್ನು ಎಲ್ಲರೂ ಬರೆಯುತ್ತಾರೆ. ನನ್ನ ತರಗತಿಯಲ್ಲಿ ಕುಳಿತವರು ಮೂರನ್ನೂ ಬರೆಯಬೇಕೆಂಬುದು ನನ್ನ ಅಪೇಕ್ಷೆ.