ತೋನ್ಸೆಪಾರ್‌ಗೆ ಸಂತ ಮೇರಿಯ ಹೆಸರು ಬಂದದ್ದು

ಮಲ್ಪೆಯ ಕಡಲಿನಲ್ಲಿರುವ ಸೇಂಟ್ ಮೇರೀಸ್ ದ್ವೀಪಗಳನ್ನು ವಾಸ್ಕೋ ಡ ಗಾಮ ಕಂಡುಹಿಡಿದ ಎಂದು ಪ್ರವಾಸಿಗರಿಗೆ ಹೇಳುವುದುಂಟು. ಜನವಸತಿಯಿಲ್ಲದ ಈ ಜಾಗಕ್ಕೆ ಕರಾವಳಿಯವರ ಬಾಯಲ್ಲಿ ತೋನ್ಸೆಪಾರ್ ಎಂಬ ಹೆಸರಿದೆ. ತೋನ್ಸೆ ಎದುರಿನ ದಡದ ಊರು. ಪಾರ್ ಎಂದರೆ ಕಡಲ ನಡುವಿನ ಬಂಡೆ.

ಗಾಮನ ಹಡಗಿನಲ್ಲಿದ್ದ, ಹೆಸರು ತಿಳಿಯದ ಒಬ್ಬಾತ ಬರೆದಿಟ್ಟ ದಿನಚರಿಯೇ ಈ ವಿಷಯದಲ್ಲಿ ಮುಖ್ಯ ಸಾಕ್ಷಿ. ಅದರ ಪ್ರಕಾರ ಗಾಮ ಇಲ್ಲಿಗೆ ಬಂದದ್ದು ಭಾರತಕ್ಕೆ ಬರುವಾಗಲ್ಲ, ಹಿಂದಿರುಗುವಾಗ. ಕಲ್ಲಿಕೋಟೆಯ ಸಾಮೂದಿರಿಯೊಂದಿಗೆ ಜಗಳವಾಡಿ, ಅಲ್ಲಿನ ಕೆಲವರನ್ನು ಹಡಗಿನಲ್ಲೇ ಹಿಡಿದಿಟ್ಟುಕೊಂಡು ಆತ ಉತ್ತರಕ್ಕೆ ಹೊರಟಿದ್ದ. 1498ರ ಸೆಪ್ಟೆಂಬರ್ 15ರಂದು ಈ ಕಿರುದ್ವೀಪಗಳ ಬಳಿ ತಲುಪಿದ. ಮೂರು ಕಲ್ಲುಕಂಬಗಳನ್ನು ನೆಟ್ಟು ಬರುವಂತೆ ಪೋರ್ಚುಗಲ್‌ನ ದೊರೆ ಅಪ್ಪಣೆ ಕೊಟ್ಟಿದ್ದ. ಸಂತ ರಫಾಯೆಲನ ಕಂಬ ಆಫ್ರಿಕದ ಕರಾವಳಿಯಲ್ಲಿ, ಸಂತ ಗೇಬ್ರಿಯೆಲನದು ಕಲ್ಲಿಕೋಟೆಯಲ್ಲಿ ಮುಗಿದಿದ್ದವು. ಉಳಿದದ್ದು ಸಂತ ಮೇರಿಯ ಕಂಬ. ಅಂದರೆ ಮೇರಿಯ ಹೆಸರು ಮೊದಲು ಕಂಬದ್ದು, ಆಮೇಲೆ ದ್ವೀಪದ್ದು. ಕಂಬ ಇಂದು ಅಲ್ಲಿಲ್ಲ.

ದಿನಚರಿಯ ಮುಂದಿನ ಮಾತು ಇನ್ನೂ ಸ್ವಾರಸ್ಯಕರವಾಗಿದೆ. ಮೀನು ತುಂಬಿಕೊಂಡ ದೋಣಿಗಳು ಹಡಗಿನ ಬಳಿಗೆ ಬಂದವು. ಗಾಮ ದೋಣಿಯವರಿಗೆ ಅಂಗಿಗಳನ್ನು ಕೊಟ್ಟ, ಕಂಬ ನೆಟ್ಟರೆ ನಿಮಗೆ ಸಂತೋಷವೇ ಎಂದು ವಿಚಾರಿಸಿದ. ತುಂಬಾ ಸಂತೋಷ, ನೀವೂ ನಮ್ಮಂತೆ ಕ್ರೈಸ್ತರೆಂಬುದು ಅದರಿಂದ ಖಾತ್ರಿಯಾಗುತ್ತದೆ ಎಂದರಂತೆ ಆ ಬೆಸ್ತರು! ಕಲ್ಲಿಕೋಟೆಯಲ್ಲಿ ದೇವಸ್ಥಾನವನ್ನೇ ಇಗರ್ಜಿಯೆಂದು ತಿಳಿದು ಪ್ರಾರ್ಥಿಸಿದ್ದ ತಂಡ ಇದು. ಪ್ರಶ್ನೆ ಯಾವ ಭಾಷೆಯಲ್ಲಿತ್ತು, ಉತ್ತರ ಯಾವ ಭಾಷೆಯಲ್ಲಿ ಬಂತು? ಕಂಬವೆಂದರೆ ದೊರೆಯ ಹಕ್ಕಿನ ಗುರುತು. ಅದಕ್ಕೆ ಸ್ಥಳೀಯರು ಕೊಟ್ಟರೆನ್ನಲಾದ ಒಪ್ಪಿಗೆ ನೆಟ್ಟವನ ಕಡೆಯವರ ಕಾಗದದಲ್ಲಿ ಮಾತ್ರ ಇದೆ. ಹಾಗಿದ್ದರೂ ಅದೇ ಕಾಗದ ಇನ್ನೊಂದನ್ನು ಒಪ್ಪಿಕೊಂಡುಬಿಟ್ಟಿದೆ: ಗಾಮ ಬಂದಾಗ ಇದು ಊರಿನ ಬೆಸ್ತರು ಓಡಾಡುವ ಕಡಲಾಗಿತ್ತು. 'ಕಂಡುಹಿಡಿದ' ಎನ್ನಲು ಏನು ಉಳಿಯಿತು?

ನಿಜಕ್ಕೂ ಗಾಮನಿಗಿಂತ ಬಹಳ ಹಿಂದೆಯೇ ಅಲ್ಲಿ ಕಂಬಗಳಿದ್ದವು. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಕಳಚಿಕೊಳ್ಳುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ತಣಿಯುತ್ತ ಕುಗ್ಗಿ, ಬಿರುಕು ಬಿಟ್ಟು, ಐದಾರು ಮುಖಗಳ ಕಲ್ಲುಕಂಬಗಳ ಸಾಲಾಯಿತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ.

ದ್ವೀಪಗಳಲ್ಲಿ ಮುಖ್ಯವಾದವು ನಾಲ್ಕು. ಪ್ರವಾಸಿ ದೋಣಿಗಳು ಹೋಗುವುದು ತೆಂಗಿನ ಮರಗಳಿಂದ ಹೆಸರು ಪಡೆದ ಕೋಕನಟ್ ದ್ವೀಪಕ್ಕೆ. ಎರಡಕ್ಕೆ ಉತ್ತರ, ದಕ್ಷಿಣ ಎಂಬ ದಿಕ್ಕುಗಳೇ ಹೆಸರು. ಮಲ್ಪೆಗೆ ಹತ್ತಿರದ ನಾಲ್ಕನೆಯದು ದರಿಯಾ ಬಹದ್ದೂರ್‌ಗಡ. ಫಾರ್ಸಿಯಲ್ಲಿ ದರಿಯಾ ಎಂದರೆ ಸಮುದ್ರ, ಬಹದ್ದೂರ್ ಎಂದರೆ ಶೂರ. ಅಲ್ಲಿನ ಕೋಟೆಯನ್ನು ಕಟ್ಟಿಸಿದವನು ಬಿದನೂರಿನ ಬಸಪ್ಪ ನಾಯಕನೆಂದು ಹಳೆಯ ಗೆಝೆಟಿಯರ್ ಹೇಳುತ್ತದೆ. ಲಿಂಗಾಯತ ಅರಸನ ಕೋಟೆಗೆ ಫಾರ್ಸಿ ಹೆಸರೇ ಎಂದು ಇಂದು ಯಾರಾದರೂ ಹುಬ್ಬೇರಿಸಬಹುದು. ಅಂಥವರು ಹತ್ತಿರದ ತಾಲೂಕು ಕಚೇರಿಗೆ ಹೋಗಿ ತಹಶೀಲ್ದಾರರ ಕೊಠಡಿಯ ಮುಂದಿನ ಫಲಕವನ್ನು ಓದಿ ಬರಲಿ.