ಪ್ರಯಾಣದ ಹಲಸು ಮತ್ತು ನಮ್ಮ ಮಾಳಿಗೆಯ ಎಕ್ಮಿಯಾ

ಬೆಂಗಳೂರಿನ ಆಫೀಸುಗಳ ರಿಸೆಪ್ಷನ್‌ನಲ್ಲಿ ಒಂದು ಗಿಡ ಇಟ್ಟಿರುತ್ತಾರೆ, ನೀವೂ ನೋಡಿರುತ್ತೀರಿ. ದಪ್ಪನೆಯ ಬೂದು-ಹಸಿರು ಎಲೆಗಳು, ಅವುಗಳ ಮೇಲೆ ಬೆಳ್ಳಿ ಬಣ್ಣದ ಅಡ್ಡಪಟ್ಟೆ, ನಡುವೆ ಎದ್ದು ನಿಂತ ಗುಲಾಬಿ ಬಣ್ಣದ ಮುಳ್ಳುಮುಳ್ಳಾದ ಗೊಂಚಲು. ಎಷ್ಟೋ ಜನ ಪ್ಲಾಸ್ಟಿಕ್ ಇರಬೇಕು ಅಂತ ಮುಟ್ಟಿ ನೋಡುತ್ತಾರೆ :) ಇದರ ಹೆಸರು ಎಕ್ಮಿಯಾ ಫ್ಯಾಸಿಯೇಟಾ. ಬ್ರೊಮೀಲಿಯಡ್ ಕುಟುಂಬದ್ದು.

"ಇದೆಲ್ಲಾ ಮೊನ್ನೆ ಮೊನ್ನೆ ಬಂದ ಶೋಕಿ ಗಿಡ, ನಮ್ಮ ಕಡೆಗೆ ಒಗ್ಗಂಗಿಲ್ಲ" ಅನ್ನುವ ಮಾತನ್ನು ನಮ್ಮ ಲಿಂಗಸುಗೂರಿನಲ್ಲೂ ಕೇಳಿದ್ದೇನೆ. ಎಕ್ಮಿಯಾದ ಮಟ್ಟಿಗೆ ಅದು ಅರ್ಧ ನಿಜ ಇರಬಹುದು. ಆದರೆ ಈ ಕುಟುಂಬ ನಮ್ಮ ದೇಶಕ್ಕೆ ಬಂದು ನಾನೂರು ವರ್ಷ ದಾಟಿದೆ. ಅಷ್ಟೇ ಅಲ್ಲ, ಬಂದ ಹೊಸದರಲ್ಲೇ ಅದು ಕುಂಡದಲ್ಲೂ ಕೂತಿತ್ತು!

ಹೇಗೆ ಅಂತೀರಾ? ಈ ಕುಟುಂಬದ ಎಲ್ಲರಿಗಿಂತ ಹೆಸರುವಾಸಿ ಸದಸ್ಯ ನಮ್ಮ ಅನಾನಸ್. 1493ರ ನವೆಂಬರ್‌ನಲ್ಲಿ ಕೊಲಂಬಸ್ ಗ್ವಾಡಲೂಪ್ ದ್ವೀಪದಲ್ಲಿ ಇದನ್ನು ಕಂಡ. ಯುರೋಪಿನವರು ಈ ಹಣ್ಣನ್ನು ನೋಡಿದ್ದು ಆಗಲೇ ಮೊದಲು. ಅಲ್ಲಿಂದ ನಮ್ಮ ಕಡೆಗೆ ತಂದವರು ಪೋರ್ಚುಗೀಸರು. ನಮ್ಮ ದೋಆಬಿಗೂ ಪೋರ್ಚುಗೀಸರು ಹೊಸಬರಲ್ಲ. 1520ರ ರಾಯಚೂರು ಯುದ್ಧದಲ್ಲಿ ಕ್ರಿಸ್ಟೋವಾವೊ ದ ಫಿಗೇರಿದೊ ಎಂಬುವನು ಬಂದೂಕುಧಾರಿಗಳೊಂದಿಗೆ ಕೃಷ್ಣದೇವರಾಯನ ಪರವಾಗಿ ನಿಂತಿದ್ದನ್ನು ಫೆರ್ನಾವೊ ನುನಿಜ್ ಬರೆದಿಟ್ಟಿದ್ದಾನೆ. ಆ ಜನರ ಹಡಗುಗಳಲ್ಲೇ ಮುಂದೆ ಮೆಣಸಿನಕಾಯಿ, ಗೋಡಂಬಿ, ಅನಾನಸ್ ಎಲ್ಲಾ ಬಂದವು. ಮೆಣಸಿನಕಾಯಿ ಪರದೇಶದ್ದು ಅಂತ ಇವತ್ತು ಯಾರಾದರೂ ನಮ್ಮ ರೊಟ್ಟಿ ಊಟದಿಂದ ತೆಗೆದಿಡುತ್ತಾರಾ?

ಅಕ್ಬರನ ಆಸ್ಥಾನದ ಅಬುಲ್ ಫಜಲ್ 1590ರ ದಶಕದಲ್ಲಿ ಬರೆದ 'ಐನ್-ಎ-ಅಕ್ಬರಿ'ಯಲ್ಲಿ ಅನಾನಸ್‌ಗೆ ಇನ್ನೊಂದು ಹೆಸರು ಕೊಡುತ್ತಾನೆ: 'ಕಠಲ್-ಎ-ಸಫರಿ', ಅಂದರೆ ಪ್ರಯಾಣದ ಹಲಸು. ಯಾಕೆ ಈ ಹೆಸರು? ಎಳೆ ಗಿಡವನ್ನು ಪಾತ್ರೆಯಲ್ಲಿಟ್ಟು ಪ್ರಯಾಣಕ್ಕೆ ಒಯ್ದರೂ ಅದು ಹಣ್ಣು ಬಿಡುತ್ತದೆ ಅಂತ! ಮಗ ಜಹಾಂಗೀರ್ ತನ್ನ ಆತ್ಮಕಥೆಯಲ್ಲಿ, ಆಗ್ರಾದ ಗುಲ್ ಅಫ್ಶಾನ್ ತೋಟದಲ್ಲಿ ವರ್ಷಕ್ಕೆ ಸಾವಿರಾರು ಅನಾನಸ್ ಬಿಡುತ್ತಿದ್ದವು ಅಂತ ಹೇಳಿಕೊಂಡಿದ್ದಾನೆ. ಅಂದ ಹಾಗೆ ಕಾಸರಗೋಡಿನ ಮಲಯಾಳಿಗಳೂ ಇದನ್ನು ಹಲಸಿನ ಜೊತೆಗೇ ಸೇರಿಸಿದ್ದಾರೆ. 'ಕೈತಚಕ್ಕ' ಅಂದರೆ ಕೇದಗೆ ಹಲಸು. ಹೊಸಬರು ಬಂದಾಗ ಗೊತ್ತಿದ್ದವರ ಹೆಸರಿಟ್ಟು ಒಳಗೆ ಕರೆದುಕೊಳ್ಳುವ ರೀತಿ ಇದು.

ಎಕ್ಮಿಯಾದ ಕತೆ ತಡವಾಗಿ ಶುರುವಾಗುತ್ತದೆ. ಇದು ಆಗ್ನೇಯ ಬ್ರೆಜಿಲ್‌ನ ಮಳೆಕಾಡಿನದು. ಇಂಗ್ಲೆಂಡಿನ ಜಾನ್ ಲಿಂಡ್ಲೆ 1828ರಲ್ಲಿ ಇದನ್ನು ಬಿಲ್‌ಬರ್ಜಿಯಾ ಎಂಬ ಕುಲದಡಿ ವರ್ಣಿಸಿದ. 1879ರಲ್ಲಿ ಬೇಕರ್ ಎಂಬ ಸಸ್ಯಶಾಸ್ತ್ರಜ್ಞ ಅದನ್ನು ಎಕ್ಮಿಯಾ ಕುಲಕ್ಕೆ ಸೇರಿಸಿದ. ಯುರೋಪಿನ ಗಾಜಿನ ಮನೆಗಳಿಂದ ಜಗತ್ತಿನ ಕಿಟಕಿಗಳಿಗೆಲ್ಲಾ ಹಬ್ಬಿತು.

ಇಷ್ಟು ದೂರ ಹೇಗೆ ಬಂದವು? ಉತ್ತರ ಗಿಡದ ಮೈಯಲ್ಲೇ ಇದೆ. ಇವೆರಡೂ ಹಗಲಿನ ಬಿಸಿಲಲ್ಲಿ ಎಲೆಯ ರಂಧ್ರ ಮುಚ್ಚಿಕೊಂಡು, ರಾತ್ರಿ ತಂಪಿನಲ್ಲಿ ತೆರೆದು ಇಂಗಾಲದ ಡೈಆಕ್ಸೈಡ್ ಒಳಗೆಳೆದು ಕೂಡಿಡುತ್ತವೆ. ನೀರು ಆವಿಯಾಗುವುದು ಕಡಿಮೆ. ಎಕ್ಮಿಯಾ ಇನ್ನೂ ಒಂದು ಹೆಜ್ಜೆ ಮುಂದೆ. ಎಲೆಗಳ ಬುಡ ಸೇರಿ ನಡುವೆ ಒಂದು ಬಟ್ಟಲಾಗಿ ಅದರಲ್ಲಿ ಮಳೆನೀರು ನಿಲ್ಲುತ್ತದೆ. ಕಾಡಿನಲ್ಲಿ ಬೇರು ಮರ ಹಿಡಿದುಕೊಳ್ಳಲಿಕ್ಕೆ, ನೀರು ಕುಡಿಯುವುದು ಬಹುಪಾಲು ಎಲೆ! ಆ ಬೆಳ್ಳಿ ಪಟ್ಟೆ ಅಂದೆನಲ್ಲ, ಅವು ನೀರು ಹೀರುವ ಸಣ್ಣ ಹುರುಪೆಗಳು. ಧೂಳು ಅಂದುಕೊಂಡು ಒರೆಸಬೇಡಿ. ಮಳೆ ಬಂದಾಗ ಹಿಡಿದಿಟ್ಟುಕೊಂಡು ಬದುಕುವ ಈ ಬುದ್ಧಿಯನ್ನು ಕೆರೆ ಕಟ್ಟಿಕೊಂಡು ಬಾಳಿದ ನಮ್ಮ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಹಾಗಂತ ನಮ್ಮ ಕಡೆ ಬೆಳೆಸುವುದು ಸಲೀಸಲ್ಲ. ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲಿಗೆ ಮಾಳಿಗೆಯ ಮೇಲೆ ಇಟ್ಟರೆ ಎಲೆ ಸುಟ್ಟೇ ಹೋಗುತ್ತದೆ. ನಮ್ಮ ಮನೆಯಲ್ಲಿ ಅದು ಮಾಳಿಗೆಯ ಮೆಟ್ಟಿಲ ಕೆಳಗೆ, ಬೆಳಕು ಬಂದರೂ ಬಿಸಿಲು ಬೀಳದ ಜಾಗದಲ್ಲಿದೆ. ಎರೆಮಣ್ಣು ಬೇಡವೇ ಬೇಡ, ನೀರು ನಿಂತು ಬುಡ ಕೊಳೆಯುತ್ತದೆ. ತೆಂಗಿನ ನಾರಿನ ತುಂಡು, ಇದ್ದಿಲು, ಸ್ವಲ್ಪ ಗೊಬ್ಬರ ಸಾಕು. ಬೋರಿನ ಸವಳು ನೀರು ಎಲೆಯ ಮೇಲೆ ಬಿಳಿ ಕಲೆ ಮಾಡುತ್ತದೆ, ಮಳೆನೀರು ಹಿಡಿದಿಟ್ಟಿದ್ದರೆ ಅದನ್ನೇ ಹಾಕಿ.

ಒಂದು ಮಾತು ಮಾತ್ರ ಮರೆಯಬೇಡಿ. ಆ ಬಟ್ಟಲಿನ ನೀರಲ್ಲಿ ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆ ಇಡಬಲ್ಲದು. ಮೊಟ್ಟೆ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ಅದಕ್ಕೇ ನಾಲ್ಕೈದು ದಿನಕ್ಕೊಮ್ಮೆ ಕುಂಡ ಬಗ್ಗಿಸಿ ಹಳೆ ನೀರು ಚೆಲ್ಲಿ ಹೊಸ ನೀರು ತುಂಬಬೇಕು. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಇದು ಸೌಂದರ್ಯಕ್ಕಿಂತ ದೊಡ್ಡ ವಿಷಯ.

ಗಿಡ ಬಲಿತರೂ ಹೂ ಬಿಡದಿದ್ದರೆ ಮಾಗಿದ ಸೇಬಿನ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಒಂದು ವಾರ ಕಟ್ಟಿಡುವ ಉಪಾಯವಿದೆ. ಕಟ್ಟುವ ಮುಂಚೆ ಬಟ್ಟಲಿನ ನೀರು ಚೆಲ್ಲಿರಬೇಕು. ಸೇಬು ಬಿಡುವ ಎಥಿಲೀನ್ ಅನಿಲ ಹೂವಿಗೆ ಪ್ರೇರಣೆ. ಇದರ ಹಿಂದೆಯೂ ಅನಾನಸ್ ಇದೆ ನೋಡಿ. ಪೋರ್ಚುಗಲ್ಲಿನ ಅಜೋರಸ್ ದ್ವೀಪಗಳಲ್ಲಿ ಗಾಜಿನ ಮನೆಯೊಳಗೆ ಹೊಗೆ ಹಾಕಿದರೆ ಅನಾನಸ್ ಒಟ್ಟಿಗೆ ಹೂ ಬಿಡುತ್ತದೆ ಅಂತ 19ನೇ ಶತಮಾನದಲ್ಲೇ ಕಂಡುಕೊಂಡಿದ್ದರು. ಹೊಗೆಯಲ್ಲಿದ್ದದ್ದೂ ಎಥಿಲೀನೇ.

ಗುಲಾಬಿ ಗೊಂಚಲು ತಿಂಗಳುಗಟ್ಟಲೆ ಇರುತ್ತದೆ. ಅದು ಒಣಗಿದ ಮೇಲೆ ತಾಯಿಗಿಡವೂ ಮೆಲ್ಲಗೆ ಸಾಯುತ್ತದೆ. ಬಹಳ ಜನ ಆಗಲೇ ತಿಪ್ಪೆಗೆ ಎಸೆಯುತ್ತಾರೆ. ಅವ್ವ ಫೋನಿನಲ್ಲಿ "ಹೂವು ಒಣಗೈತಿ, ಕಿತ್ತಿ ಒಗಿಲೇನಪಾ?" ಅಂತ ಕೇಳಿದಾಗ ನಾನಂದೆ, "ಬ್ಯಾಡವ್ವ, ಬಾಜೂಕ ಮರಿ ಬರ್ತಾವ ನೋಡು." ಬಾಳೆಯ ಕಂದಿನ ಹಾಗೆ ಬುಡದಲ್ಲಿ ಮರಿ ಏಳುತ್ತವೆ. ತಾಯಿಯ ಎತ್ತರದ ಅರ್ಧದಷ್ಟಾದಾಗ ಬಿಡಿಸಿ ನೆಟ್ಟರೆ ಎರಡು-ಮೂರು ವರ್ಷಕ್ಕೆ ಹೂ. ನಮ್ಮ ಗಿಡ ಮೂರು ಮರಿ ಹಾಕಿತು. ಒಂದನ್ನು ಪಕ್ಕದ ಮನೆಯ ಕಾಕು ಕೇಳಿ ಒಯ್ದರು, ಇನ್ನೊಂದು ಬಸ್ಸಿನಲ್ಲಿ ಸಿಂಧನೂರಿಗೆ ಹೋಯಿತು. ಪ್ರಯಾಣದ ಹಲಸಿನ ವಂಶ ಅಲ್ಲವಾ, ಒಂದೇ ಕಡೆ ಕೂರುವುದಿಲ್ಲ!