ಯಾರ ಮನೆಯಲ್ಲೂ ಆಡದ ಫಿನ್ನಿಷ್

ಫಿನ್‌ಲ್ಯಾಂಡ್ ರೇಡಿಯೋದಲ್ಲಿ ಬರುವ ಸಮುದ್ರದ ಹವಾಮಾನ ವರದಿಯನ್ನು ನಾನು ಕೇಳೋಕೆ ಶುರುಮಾಡಿದ್ದು ಮೀನು ಹಿಡಿಯೋಕಲ್ಲ, ಭಾಷೆ ಹಿಡಿಯೋಕೆ. ವಾಚಕರು ಹಾಂಕೊ, ಉತ್ಯೊ, ಹೀಗೆ ಕರಾವಳಿಯ ಒಂದೊಂದೇ ಠಾಣೆಯ ಹೆಸರು ಹೇಳ್ತಾರೆ. ಆಮೇಲೆ ಗಾಳಿಯ ದಿಕ್ಕು, ಅದರ ವೇಗ ಸೆಕೆಂಡಿಗೆ ಎಷ್ಟು ಮೀಟರ್ ಅನ್ನೋದು. ದಿನಾ ಅದೇ ಹೆಸರುಗಳು, ಅದೇ ಧಾಟಿ. ಬದಲಾಗೋದು ಅಂಕಿಗಳು ಮಾತ್ರ. ಎಸ್ಪೋಗೆ ಕೆಲಸಕ್ಕೆ ಬಂದು ಕೂತ ನನ್ನಂಥವನಿಗೆ ಇದಕ್ಕಿಂತ ಒಳ್ಳೆ ಮಗ್ಗಿ ಪುಸ್ತಕ ಸಿಗಲಿಲ್ಲ.

ಕನ್ನಡದ ಕಿವಿಗೆ ಇಲ್ಲಿ ಕೆಲವು ಅನುಕೂಲಗಳಿವೆ. ನಮ್ಮ ಈಶಾನ್ಯ, ಆಗ್ನೇಯ, ನೈಋತ್ಯ, ವಾಯವ್ಯಗಳ ಹಾಗೆ ಫಿನ್ನಿಷಿನಲ್ಲೂ ಮೂಲೆ ದಿಕ್ಕುಗಳಿಗೆ ಸ್ವಂತ ಹೆಸರುಗಳಿವೆ: ಕೊಯ್‌ಲ್ಲಿನೆನ್, ಕಾಕ್ಕೊ, ಲೋವ್‌ನಸ್, ಲುಓದೆ. ನೈಋತ್ಯಕ್ಕೆ ಹೇಳುವ ಲೋವ್‌ನಸ್ಸೇ ಮಧ್ಯಾಹ್ನದ ಊಟಕ್ಕೂ ಹೆಸರು. ಊಟದ ಹೊತ್ತಿಗೆ ಸೂರ್ಯ ಇರ್ತಿದ್ದ ದಿಕ್ಕು ಅದು ಅಂತೆ. ಇನ್ನು ಹ್ರಸ್ವ, ದೀರ್ಘ, ಒತ್ತಕ್ಷರ. ಮುತ ಅಂದ್ರೆ ಕೆಸರು, ಮೂತ ಅಂದ್ರೆ ಬೇರೆ ಏನೋ, ಮುತ್ತ ಅಂದ್ರೆ ಆದರೆ. ಇಂಗ್ಲಿಷ್ ಮಾತೃಭಾಷೆಯ ಸಹೋದ್ಯೋಗಿಗಳು ಇದರಲ್ಲಿ ತಿಣುಕುವಾಗ, ಕಲ್ಲು-ಕಾಲು ಅಂತ ಬೆಳೆದವರಿಗೆ ಅದೇನು ದೊಡ್ಡ ವಿಷಯ ಅನ್ನಿಸಲ್ಲ. 'ಹೆಲ್ಸಿಂಕಿಯಲ್ಲಿ' ಅನ್ನೋಕೆ ಅವರೂ ಹೆಸರಿನ ಬಾಲಕ್ಕೆ ಪ್ರತ್ಯಯ ಅಂಟಿಸಿ 'ಹೆಲ್ಸಿಂಗಿಸ್ಸ್ಯಾ' ಅಂತಾರೆ. 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಬರೆದ ಕಾಲ್ಡ್‌ವೆಲ್ ಇಂಥ ಹೋಲಿಕೆಗಳನ್ನು ನೋಡಿಯೇ ನಮ್ಮ ಭಾಷೆಗಳಿಗೂ ಫಿನ್ನಿಷಿಗೂ ನಂಟು ಹಚ್ಚಲು ಹೋಗಿದ್ದ. ಆ ನಂಟಸ್ತಿಕೆ ವಿದ್ವಾಂಸರ ನಡುವೆ ನಿಲ್ಲಲಿಲ್ಲ ಬಿಡಿ.

ಆದರೆ ರೇಡಿಯೋದಲ್ಲಿ ನಾನು ಕಲೀತಿದ್ದ ಫಿನ್ನಿಷನ್ನು ಯಾರೂ ಮನೆಯಲ್ಲಿ ಆಡೋದಿಲ್ಲ. ಅದು ಯಾಕೆ ಅಂತ ತಿಳಿಯೋಕೆ ಸ್ವಲ್ಪ ಹಿಂದೆ ಹೋಗಬೇಕು.

ಶತಮಾನಗಳ ಕಾಲ ಇಲ್ಲಿ ಆಡಳಿತದ ಭಾಷೆ, ಓದಿದವರ ಭಾಷೆ ಸ್ವೀಡಿಷ್. ಫಿನ್ನಿಷ್ ಹೊಲದ್ದು, ಅಡುಗೆಮನೆಯದು, ಚರ್ಚಿನದು. 1863ರಲ್ಲಿ ರಷ್ಯಾದ ಚಕ್ರವರ್ತಿ ಎರಡನೇ ಅಲೆಕ್ಸಾಂಡರ್ ಹೊರಡಿಸಿದ ಆಜ್ಞೆಯಿಂದ ಅದಕ್ಕೆ ಕಚೇರಿಯ ಬಾಗಿಲು ತೆರೆಯಿತು. ಪೂರ್ತಿ ಜಾರಿಗೆ 20 ವರ್ಷದ ಗಡುವು. 19ನೇ ಶತಮಾನದಲ್ಲಿ ಪೂರ್ವದ ಮತ್ತು ಪಶ್ಚಿಮದ ಉಪಭಾಷೆಗಳ ಪಕ್ಷದವರು ಬಡಿದಾಡಿಕೊಂಡು, ಕೊನೆಗೆ ಎರಡನ್ನೂ ಬೆರೆಸಿ ಒಂದು ಬರಹದ ಭಾಷೆ ಕಟ್ಟಿದರು. 1926ರಲ್ಲಿ ರೇಡಿಯೋ ಸಂಸ್ಥೆ 'ಯ್ಲೆ' ಶುರುವಾಯಿತು, ಮರುವರ್ಷ ಲಾಹ್ತಿ ಊರಲ್ಲಿ 150 ಮೀಟರ್ ಎತ್ತರದ ಜೋಡಿ ಕಂಬಗಳು ಎದ್ದವು. ಕಾಗದದ ಮೇಲೆ ಕಟ್ಟಿದ್ದ ಭಾಷೆಗೆ ಈಗ ಇಡೀ ದೇಶಕ್ಕೆ ಕೇಳಿಸುವ ಗಂಟಲು ಸಿಕ್ಕಿತು. ಆಜ್ಞೆಗೂ ರೇಡಿಯೋಗೂ ನಡುವೆ ಬರೀ 63 ವರ್ಷ ಅನ್ನೋದನ್ನು ಗಮನಿಸಿ.

'ಡ' ಅಕ್ಷರದ ಕತೆ ಕೇಳಿದರೆ ಇದು ಇನ್ನೂ ಚೆನ್ನಾಗಿ ಅರ್ಥವಾಗುತ್ತೆ. ಫಿನ್ನಿಷಿನ ಹೆಚ್ಚಿನ ಉಪಭಾಷೆಗಳಲ್ಲಿ ಆ ಧ್ವನಿಯೇ ಇರಲಿಲ್ಲ. ಬರಹದಲ್ಲಿ 'ಮೆಯ್‌ಡ್ಯಾನ್' (ನಮ್ಮ) ಅಂತಿರೋದನ್ನು ಪಶ್ಚಿಮದ ಕೆಲವು ಕಡೆ 'ಮೆಯ್‌ರ್ಯಾನ್' ಅಂತಿದ್ದರು, ಪೂರ್ವದಲ್ಲಿ 'ಮೆಯ್ಯಾನ್'. ಆ ಅಕ್ಷರವನ್ನು ಸ್ವೀಡಿಷ್ ರೀತಿಯಲ್ಲಿ ಓದುವ ಅಭ್ಯಾಸದಿಂದ 'ಡ' ಬಾಯಿಗೆ ಬಂತು. ಶಾಲೆ, ಆಮೇಲೆ ರೇಡಿಯೋ ಅದನ್ನು ಊರೂರಿಗೆ ಒಯ್ದವು. ನಮ್ಮ ಆಕಾಶವಾಣಿಯ ವಾರ್ತೆಯಲ್ಲಿ ಮಹಾಪ್ರಾಣಗಳು ಮೈನೆಟ್ಟಗೆ ಮಾಡಿ ನಿಲ್ಲುತ್ತವಲ್ಲ, ಊರಲ್ಲಿ 'ಬಾಸೆ' ಅನ್ನೋರು ಅಲ್ಲಿ 'ಭಾಷೆ' ಕೇಳ್ತಾರಲ್ಲ, ಹೆಚ್ಚುಕಡಿಮೆ ಹಾಗೇ.

ಮಕ್ಕಳ ಕಿವಿಗೆ ಈ ಭಾಷೆ ಹಾಕಿದವರಲ್ಲಿ 'ಮಾರ್ಕುಸ್ ಸೆತ್ಯಾ' ದೊಡ್ಡ ಹೆಸರು. ಮಾರ್ಕುಸ್ ರೌತಿಯೊ ಅನ್ನುವವರು 1926ರಿಂದ 1956ರವರೆಗೆ ಮಕ್ಕಳ ಕಾರ್ಯಕ್ರಮ ನಡೆಸಿದರು. ಸೆತ್ಯಾ ಅಂದರೆ ಅಪ್ಪನ ಅಣ್ಣ ಅಥವಾ ತಮ್ಮ. ಸೋದರಮಾವನಿಗೆ ಬೇರೆಯೇ ಪದ ಇದೆ, ಎನೊ. ಇಬ್ಬರನ್ನೂ 'ಅಂಕಲ್' ಮಾಡಿ ಮುಗಿಸದ ಈ ಜನ ನನಗೆ ಇದೊಂದಕ್ಕೇ ಇಷ್ಟವಾಗಿಬಿಟ್ಟರು!

ಯಾರೂ ಮನೆಯಲ್ಲಿ ಆಡದ ಭಾಷೆಯನ್ನು ಓದೋದರಲ್ಲಿ ಯ್ಲೆಗೆ ಸಂಕೋಚ ಇಲ್ಲ ಅನ್ನೋಕೆ ಇನ್ನೊಂದು ಸಾಕ್ಷಿ: 1989ರಿಂದ 2019ರವರೆಗೆ ವಾರಕ್ಕೊಮ್ಮೆ ಲ್ಯಾಟಿನ್‌ನಲ್ಲಿ ವಾರ್ತೆ ಓದಿಸಿದರು. 'ಇಯಂ ಆಕಾಶವಾಣೀ' ಕೇಳಿ ಎದ್ದವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ನಮ್ಮ ಸಂಸ್ಕೃತ ವಾರ್ತೆ ಶುರುವಾಗಿದ್ದು 1974ರಲ್ಲೇ.

ಗಟ್ಟಿ ಭಾಷೆ ಸಡಿಲವಾಗಿದ್ದು 1985ರ ನಂತರ. ಆ ವರ್ಷ ಖಾಸಗಿ ಸ್ಥಳೀಯ ರೇಡಿಯೋಗಳು ಬಂದವು, ಜನ ತಾವು ಮಾತಾಡೋ ಹಾಗೇ ಮೈಕಿನ ಮುಂದೆ ಮಾತಾಡಿದರು. 1990ರಲ್ಲಿ ಯ್ಲೆಯೇ 'ರಾಡಿಯೊಮಾಫಿಯಾ' ಅಂತ ಯುವಕರ ವಾಹಿನಿ ತೆರೆಯಿತು. ಈಗಿನ ಪಾಡ್‌ಕಾಸ್ಟ್‌ಗಳಲ್ಲಂತೂ ಬರಹದ ಭಾಷೆ ಹುಡುಕಿದರೂ ಸಿಗೋದು ಕಷ್ಟ. 'ನಾನು ಇದ್ದೇನೆ' ಅನ್ನೋ 'ಮಿನ್ಯಾ ಒಲೆನ್' ಅಲ್ಲಿ 'ಮ್ಯಾ ಓನ್'. ಎಂಟಕ್ಕೆ ಹೇಳುವ 'ಕಹ್‌ಡೆಕ್ಸನ್' ಅಲ್ಲಿ 'ಕಹೆಕ್ಸನ್'; ನೋಡಿ, ಅಷ್ಟು ಕಷ್ಟಪಟ್ಟು ತಂದ 'ಡ' ಹಾರಿಹೋಯಿತು. ಅವನು, ಅವಳು ಎರಡಕ್ಕೂ ಇರುವ 'ಹ್ಯಾನ್' ಬದಲು 'ಸೆ', ಅಂದರೆ 'ಅದು'. ಅಗೌರವ ಏನಲ್ಲ, ನಾವು ಮಗುವನ್ನು 'ಅದು ಮಲಗಿದೆ' ಅಂತೀವಲ್ಲ, ಆ ಸಲಿಗೆ.

ಹಾಗಾದರೆ ರೇಡಿಯೋ ಬಿಟ್ಟು ಸೀದಾ ಪಾಡ್‌ಕಾಸ್ಟ್ ಕೇಳಬಹುದಲ್ಲ ಅಂತ ನೀವು ಕೇಳಬಹುದು. ನಾನು ಒಪ್ಪಲ್ಲ. ಇಲ್ಲಿನ ಪೌರತ್ವ ಬೇಕಾದರೆ ಫಿನ್ನಿಷ್ ಅಥವಾ ಸ್ವೀಡಿಷ್ ಬರುತ್ತೆ ಅಂತ ತೋರಿಸಬೇಕು. ಸಾಮಾನ್ಯವಾಗಿ ಅದಕ್ಕೆ ಆರು ಹಂತಗಳ ರಾಷ್ಟ್ರೀಯ ಪರೀಕ್ಷೆಯಲ್ಲಿ ಮೂರನೇ ಹಂತ ಮುಟ್ಟಬೇಕು. ಕಚೇರಿಯ ಪತ್ರ, ಕರಾರು, ತೆರಿಗೆ ಎಲ್ಲ ಆ ಗಟ್ಟಿ ಭಾಷೆಯಲ್ಲೇ. 1990ರ ದಶಕದ ಆರಂಭದಲ್ಲಿ ಇಂಗ್ರಿಯಾದ ಫಿನ್ನರು ಸೋವಿಯತ್ ನಾಡಿನಿಂದ, ನಿರಾಶ್ರಿತರು ಸೊಮಾಲಿಯಾದಿಂದ ಬರತೊಡಗಿದ್ದರು. ಯ್ಲೆಯ 'ಸೆಲ್ಕೊಸುಓಮಿ' ವಾರ್ತೆ, ಅಂದರೆ ಸರಳ ಫಿನ್ನಿಷ್ ವಾರ್ತೆ, ಹುಟ್ಟಿದ್ದೂ ಆ ವರ್ಷಗಳಲ್ಲೇ. ಚಿಕ್ಕ ವಾಕ್ಯ, ಬಳಕೆಯ ಪದ, ನಿಧಾನದ ಓದು. ಪರದೇಶಿಗಳಿಗೆ ಈ ದೇಶ ಮಾಡಿದ ಉಪಕಾರಗಳಲ್ಲಿ ಇದನ್ನು ನಾನು ಮೇಲೆ ಇಡ್ತೀನಿ.

ಆದರೆ ಅದೊಂದೇ ಸಾಕಾಗಲ್ಲ. ಡೇಕೇರ್‌ನಲ್ಲಿ ಸಂಜೆ ಮಗಳ ಟೀಚರ್ ನನಗೆ ಹೇಳೋದು 'ಮ್ಯಾ ಓನ್' ಭಾಷೆಯಲ್ಲಿ. ಮಗಳಿಗೆ ಐದು ವರ್ಷ, ಅವಳಿಗೆ ಎಲ್ಲ ಅರ್ಥವಾಗುತ್ತೆ. ಮಗುವೇ ಅಪ್ಪನಿಗೆ ದುಭಾಷಿಯಾಗೋ ಮನೆಗಳನ್ನು ಇಲ್ಲಿ ನೋಡಿದ್ದೀನಿ. ಮಗುವಿಗೆ ಜ್ವರ ಬಂದು ಆಸ್ಪತ್ರೆಗೆ ಹೋದ ದಿನ ಆ ಏರ್ಪಾಟು ನಡೆಯಲ್ಲ. ಅದಕ್ಕೇ ಬೆಳಿಗ್ಗೆ ವಾರ್ತೆ, ರಾತ್ರಿ ಪಾತ್ರೆ ತೊಳೆಯುವಾಗ ಪಾಡ್‌ಕಾಸ್ಟ್. ವೇಗ ಇಳಿಸಿಕೊಂಡು ಕೇಳು ಅಂತ ಗೆಳೆಯರು ಹೇಳ್ತಾರೆ. ಎಷ್ಟೇ ಇಳಿಸಿದರೂ 'ಕಹೆಕ್ಸನ್' ಒಳಗಿಂದ 'ಡ' ಹೊರಗೆ ಬರಲ್ಲ, ಯಾಕಂದರೆ ಅವರು ಅದನ್ನು ನುಂಗಿಲ್ಲ, ಅವರ ಅಜ್ಜಿಯ ಮಾತಲ್ಲಿ ಅದು ಇರಲೇ ಇಲ್ಲ.